ಕಾರ್ಡಿನಿಂದ ಕೊಹಾವರೆಗೆ: ಗ್ರಂಥಪಾಲಕರು ಕೂಡಿಬಂದ ಹಾದಿ

ಹಳೆಯ ಗ್ರಂಥಾಲಯದಲ್ಲಿ ಮರದ ಕಪಾಟಿನ ಪುಟ್ಟ ಖಾನೆ ಎಳೆದು ಪುಸ್ತಕ ಹುಡುಕಿದವರಿಗೆ ಆ ಕಾರ್ಡು ಮರೆಯುವಂಥದ್ದಲ್ಲ. ಅಗಲ 12.5 ಸೆಂಟಿಮೀಟರ್, ಎತ್ತರ 7.5. ಕೆಳಗೆ ನಟ್ಟನಡುವೆ ಒಂದು ತೂತು, ಯಾರೂ ಕಿತ್ತುಕೊಂಡು ಹೋಗದಂತೆ ಆ ತೂತಿನಲ್ಲಿ ಹಾಯ್ದ ಉದ್ದನೆಯ ಸರಳು. ಓದುಗರ ಬೆರಳು ತಾಗಿ ತಾಗಿ ಮೇಲಂಚು ಮಾಸಿರುತ್ತಿತ್ತು, ಮೂಲೆ ದುಂಡಗಾಗಿರುತ್ತಿತ್ತು. ಎಡಗಡೆ ವರ್ಗೀಕರಣ ಸಂಖ್ಯೆ, ಅದರ ಪಕ್ಕದಲ್ಲಿ ಲೇಖಕರ ಹೆಸರು, ಕೆಳಗೆ ಪುಸ್ತಕದ ಹೆಸರು, ಅಚ್ಚಾದ ಊರು, ವರ್ಷ, ಪುಟ. ಮೈಸೂರಿನ ಖಾನೆಯಿಂದ ತೆಗೆದ ಕಾರ್ಡನ್ನು ಮುಂಬಯಿಯ ಖಾನೆಗೆ ಹಾಕಿದರೂ ಅಳತೆಗೆ ಸರಿಯಾಗಿ ಕೂಡುತ್ತಿತ್ತು. ಬಾಸ್ಟನ್ನಿನ ಖಾನೆಗೂ ಕೂಡುತ್ತಿತ್ತು.

ಈ ಅಳತೆಯನ್ನು ಗೊತ್ತುಮಾಡಿದ್ದು ಯಾವ ಸರ್ಕಾರವೂ ಅಲ್ಲ, ಕಾರ್ಖಾನೆಯೂ ಅಲ್ಲ. ಗ್ರಂಥಪಾಲಕರೇ ಕೂಡಿ ಕುಳಿತು ಮಾತಾಡಿ ಗೊತ್ತುಮಾಡಿದರು. 1876ರ ಅಕ್ಟೋಬರಿನಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ 103 ಮಂದಿ ಸೇರಿದರು, ಅವರಲ್ಲಿ 13 ಮಂದಿ ಹೆಂಗಸರು. ದಶಮಾಂಶ ವರ್ಗೀಕರಣವನ್ನು ಅದೇ ವರ್ಷ ಅಚ್ಚುಹಾಕಿಸಿದ್ದ ಮೆಲ್ವಿಲ್ ಡ್ಯೂಯಿ ಈ ಸಭೆಯ ಮುಂದಾಳುಗಳಲ್ಲಿ ಒಬ್ಬ. ಮೂರು ದಿನ ನಡೆದ ಆ ಸಭೆಯಿಂದ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಹುಟ್ಟಿತು. ಮರುವರ್ಷ ಅದೇ ಸಂಘದವರು ಕಾರ್ಡಿನ ಅಳತೆಯನ್ನು ನಿಗದಿ ಮಾಡಿದರು. ಇದಕ್ಕೂ ಮೊದಲು, 1853ರಲ್ಲಿ, ನ್ಯೂಯಾರ್ಕಿನಲ್ಲಿ 82 ಜನ ಸೇರಿ ಒಳ್ಳೆಯ ಮಾತುಗಳನ್ನೇ ಆಡಿದ್ದರು. ಆದರೆ ಆ ಸಭೆ ಮತ್ತೆ ಸೇರಲಿಲ್ಲ. ಹಾಗಾಗಿ ಅಲ್ಲಿ ಆಡಿದ್ದು ಅಲ್ಲೇ ಉಳಿಯಿತು.

ಗ್ರಂಥಪಾಲಕರಿಗೆ ಸಮ್ಮೇಳನ ಬೇಕಾಗುವುದಕ್ಕೆ ಅವರ ಕೆಲಸದ ಸ್ವಭಾವದಲ್ಲೇ ಕಾರಣವಿದೆ. ಕಾಲೇಜೊಂದರಲ್ಲಿ ಕನ್ನಡಕ್ಕೆ ಮೂರು ಜನ ಮೇಷ್ಟ್ರಿರಬಹುದು, ಗಣಿತಕ್ಕೆ ನಾಲ್ವರು. ಗ್ರಂಥಪಾಲಕರು ಒಬ್ಬರೇ. ಪುಸ್ತಕವೊಂದು ಇತಿಹಾಸಕ್ಕೆ ಸೇರುತ್ತದೋ ರಾಜ್ಯಶಾಸ್ತ್ರಕ್ಕೋ ಎಂಬ ತೊಡಕು ಬಂದರೆ, ಗೆದ್ದಲು ಹತ್ತಿದ ಸಂಪುಟಗಳನ್ನು ಉಳಿಸುವುದು ಹೇಗೆಂಬ ಚಿಂತೆ ಬಂದರೆ, ಪಕ್ಕದ ಮೇಜಿನವರನ್ನು ಕೇಳೋಣವೆಂದರೆ ಪಕ್ಕದಲ್ಲಿ ಮೇಜೇ ಇಲ್ಲ. ಅದೇ ಕೆಲಸ ಮಾಡುವ ಇನ್ನೊಬ್ಬರು ಇನ್ನೊಂದು ಊರಿನಲ್ಲಿದ್ದಾರೆ. ಅವರನ್ನು ಕಾಣಬೇಕಾದರೆ ಇಬ್ಬರೂ ರೈಲು ಹತ್ತಿ ಮೂರನೆಯ ಊರಿಗೆ ಹೋಗಬೇಕು.

ಮುಂಬಯಿಯ ಪವಾಯಿ ಇದಕ್ಕೆ ಒಳ್ಳೆಯ ಉದಾಹರಣೆ.

ಇಂದು ಎತ್ತರದ ಕಟ್ಟಡಗಳು ತುಂಬಿರುವ ಪವಾಯಿ ಎರಡು ಶತಮಾನದ ಹಿಂದೆ ಸಾಷ್ಟಿ ದ್ವೀಪದ ಗುಡ್ಡಗಾಡಿನ ಹಳ್ಳಿ. 1829ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅದನ್ನು ಪಾರ್ಸಿ ವರ್ತಕ ಫ್ರಾಮ್ಜಿ ಕಾವಸ್ಜಿಯವರಿಗೆ ಗುತ್ತಿಗೆ ಕೊಟ್ಟಿತು. ಅವರು ಅಲ್ಲಿ ಕಬ್ಬು, ನೀಲಿ ಬೆಳೆಸಿ ನೋಡಿದರು. ಪವಾಯಿಗೂ ಪುಸ್ತಕಕ್ಕೂ ನಂಟು ಇವರ ಹೆಸರಿನಿಂದಲೇ ಶುರುವಾಗುತ್ತದೆ ಎನ್ನಬೇಕು. ಏಕೆಂದರೆ ಧೋಬಿ ತಲಾವಿನಲ್ಲಿ ಅವರ ನೆನಪಿಗೆ ಎದ್ದ ಫ್ರಾಮ್ಜಿ ಕಾವಸ್ಜಿ ಇನ್‌ಸ್ಟಿಟ್ಯೂಟಿನ ಕಟ್ಟಡವೇ ಪೀಪಲ್ಸ್ ಫ್ರೀ ರೀಡಿಂಗ್ ರೂಮ್ ಆಂಡ್ ಲೈಬ್ರರಿಗೆ ನೆಲೆಯಾಯಿತು. ಇತ್ತ ಪವಾಯಿಯ ಕಣಿವೆಗೆ ಒಡ್ಡು ಕಟ್ಟಿ 1891ರ ಹೊತ್ತಿಗೆ ಕೆರೆ ಮಾಡಿದರು. ಅದರ ನೀರು ಕುಡಿಯಲು ಯೋಗ್ಯವಾಗಲಿಲ್ಲ. ಕೆರೆಯ ಹೆಸರು ಮಾತ್ರ ಊರಿಗೆ ಗಟ್ಟಿಯಾಗಿ ಅಂಟಿತು.

ಕೆರೆಯ ದಂಡೆಗೆ ದೊಡ್ಡ ಗ್ರಂಥಾಲಯ ಬಂದದ್ದು ಐಐಟಿಯ ಜೊತೆಗೆ. 1958ರ ಜುಲೈ 25ರಂದು ಐಐಟಿ ಬಾಂಬೆಯ ಮೊದಲ ತರಗತಿ ಶುರುವಾದಾಗ ಅದಕ್ಕೆ ಸ್ವಂತ ಕಟ್ಟಡವಿರಲಿಲ್ಲ. ವರ್ಳಿಯ ಸಸ್ಮೀರಾ ಕಟ್ಟಡದಲ್ಲಿ 100 ವಿದ್ಯಾರ್ಥಿಗಳು ಕುಳಿತರು. 1959ರ ಮಾರ್ಚ್ 10ರಂದು ಪವಾಯಿಯಲ್ಲಿ ಜವಾಹರಲಾಲ್ ನೆಹರೂ ಅಡಿಗಲ್ಲು ಇಟ್ಟರು. ಯುನೆಸ್ಕೋ ಮೂಲಕ ಸೋವಿಯತ್ ಒಕ್ಕೂಟದ ನೆರವು ಬಂತು, ಯಂತ್ರಗಳು ಬಂದವು, ತಜ್ಞರು ಬಂದರು. 1963ರಲ್ಲಿ ಹತ್ತಿರದಲ್ಲೇ, ವಿಹಾರ್ ಕೆರೆಯ ಕಡೆಗೆ, ನೀಟಿ ಎಂದು ಕರೆಸಿಕೊಂಡ ರಾಷ್ಟ್ರೀಯ ಔದ್ಯೋಗಿಕ ಎಂಜಿನಿಯರಿಂಗ್ ತರಬೇತಿ ಸಂಸ್ಥೆ ಹುಟ್ಟಿತು. 2023ರಿಂದ ಅದು ಐಐಎಂ ಮುಂಬಯಿ. ಹೀಗೆ ಐದು ವರ್ಷದೊಳಗೆ ಒಂದೇ ಬಡಾವಣೆಯಲ್ಲಿ ಎರಡು ಸಂಸ್ಥೆಗಳು, ಎರಡಕ್ಕೂ ಒಂದೊಂದು ಗ್ರಂಥಾಲಯ.

ಹೊಸ ಗ್ರಂಥಾಲಯದ ಕಷ್ಟ ಎಂಥದ್ದೆಂದು ಹಳೆಯ ಗ್ರಂಥಪಾಲಕರಿಗೆ ಗೊತ್ತು. ಹೊಸ ಪುಸ್ತಕವನ್ನು ದುಡ್ಡು ಕೊಟ್ಟು ತರಿಸಬಹುದು. ಸಂಶೋಧಕರು ಕೇಳುವುದು ಅದನ್ನಲ್ಲ, ಇಪ್ಪತ್ತು ಮೂವತ್ತು ವರ್ಷದ ಹಿಂದೆ ಜರ್ಮನಿಯ ಯಾವುದೋ ನಿಯತಕಾಲಿಕದಲ್ಲಿ ಬಂದ ಒಂದು ಲೇಖನವನ್ನು. ಅಂಥ ಹಳೆಯ ಸಂಪುಟಗಳು ಹೊಸ ಸಂಸ್ಥೆಯ ಕಪಾಟಿನಲ್ಲಿ ಎಲ್ಲಿಂದ ಬರಬೇಕು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿಗಬಹುದಿತ್ತು, ಕಲಕತ್ತೆಯಲ್ಲಿ ಸಿಗಬಹುದಿತ್ತು, ದೆಹಲಿಯಲ್ಲಿ 1952ರಲ್ಲಿ ಶುರುವಾದ ವೈಜ್ಞಾನಿಕ ದಾಖಲೆಗಳ ಇನ್ಸ್‌ಡಾಕ್ ಕೇಂದ್ರವನ್ನು ಕೇಳಬಹುದಿತ್ತು. ಕಾಗದ ಬರೆಯಬೇಕಿತ್ತು, ನಕಲು ತರಿಸಬೇಕಿತ್ತು. ಕಾಗದಕ್ಕೆ ಬೇಗ ಉತ್ತರ ಬರಬೇಕಾದರೆ ಆ ಕಡೆ ಇರುವವರಿಗೆ ಈ ಕಡೆಯವರ ಮುಖಪರಿಚಯ ಇರಬೇಕು. ಆ ಪರಿಚಯ ಆಗುತ್ತಿದ್ದ ಜಾಗವೇ ಸಮ್ಮೇಳನ.

ಭಾರತದಲ್ಲಿ ಈ ಸಂಪ್ರದಾಯಕ್ಕೆ ಎರಡು ಬೇರುಗಳು. ಮೊದಲನೆಯದು ಸರ್ಕಾರದ್ದು. 1918ರ ಜನವರಿಯಲ್ಲಿ ಭಾರತ ಸರ್ಕಾರವೇ ಲಾಹೋರಿನಲ್ಲಿ ಗ್ರಂಥಪಾಲಕರ ಅಖಿಲ ಭಾರತ ಸಮ್ಮೇಳನ ಕರೆಯಿತು. ಲಾಹೋರನ್ನೇ ಆರಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅಮೆರಿಕದಿಂದ ಬಂದ ಏಸಾ ಡಾನ್ ಡಿಕಿನ್ಸನ್ 1915ರಲ್ಲಿ ಅಲ್ಲಿಯ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಗ್ರಂಥಪಾಲಕರಿಗೆ ತರಗತಿ ನಡೆಸಿದ್ದ. ಆಗಿನ ಹಿಂದುಸ್ತಾನದಲ್ಲಿ ಅಂಥ ತರಬೇತಿ ಬರೋಡ ಬಿಟ್ಟರೆ ಬೇರೆಡೆ ಅಪರೂಪ.

ಎರಡನೆಯ ಬೇರು ಜನರದ್ದು, ಅದು ಹೆಚ್ಚು ಆಳಕ್ಕೆ ಇಳಿಯಿತು. ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದ ವಿಲಿಯಂ ಬೋರ್ಡನ್‌ನನ್ನು ಕರೆಸಿ ಹಳ್ಳಿಹಳ್ಳಿಗೂ ಗ್ರಂಥಾಲಯ ತಲುಪುವ ವ್ಯವಸ್ಥೆ ಕಟ್ಟಿಸಿದರು. 1914ರಲ್ಲಿ ಬೆಜವಾಡದಲ್ಲಿ ಆಂಧ್ರದೇಶ ಗ್ರಂಥಾಲಯ ಸಂಘ ಹುಟ್ಟಿತು. ಅದರ ಜೀವಾಳವಾಗಿದ್ದ ಅಯ್ಯಂಕಿ ವೆಂಕಟರಮಣಯ್ಯನವರೇ 1919ರ ನವೆಂಬರ್ 14ರಂದು ಮದ್ರಾಸಿನಲ್ಲಿ ಅಖಿಲ ಭಾರತ ಸಾರ್ವಜನಿಕ ಗ್ರಂಥಾಲಯ ಸಮ್ಮೇಳನ ಸೇರಿಸಿದರು. ಬರೋಡದ ಜೆ. ಎಸ್. ಕುಡಾಲ್ಕರ್ ಅಧ್ಯಕ್ಷರು. ಈಗ ದೇಶದ ತುಂಬ ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ ನಡೆಯುವುದು ಆ ದಿನದ ನೆನಪಿಗೆ.

ಮದ್ರಾಸಿನ ಸಮ್ಮೇಳನ ಮುಗಿದ ಮೇಲೆ ಅದನ್ನು ಮುಂದುವರಿಸಲು ಹಣವೆಲ್ಲಿಂದ ಬರಬೇಕು? ದೂರದ ಊರಿನ ವಾಚನಾಲಯದವರು ಕೈಯಿಂದ ಖರ್ಚು ಹಾಕಿ ಬರುವುದು ಹೇಗೆ? ಇದಕ್ಕೆ ಸಂಘಟಕರು ಕಂಡುಕೊಂಡ ದಾರಿ ಜಾಣತನದ್ದು. ಕಾಂಗ್ರೆಸ್ ಅಧಿವೇಶನ ಎಲ್ಲಿಯೋ ಗ್ರಂಥಾಲಯ ಸಮ್ಮೇಳನವೂ ಅಲ್ಲಿಯೇ. ಹೇಗೂ ಜನ ಬಂದಿರುತ್ತಾರೆ, ಇಳಿದುಕೊಳ್ಳಲು ಜಾಗವಿರುತ್ತದೆ, ಊಟದ ಏರ್ಪಾಡಿರುತ್ತದೆ. ಹೀಗೆ 1923ರಲ್ಲಿ ಕಾಕಿನಾಡದಲ್ಲಿ, 1924ರಲ್ಲಿ ಬೆಳಗಾವಿಯಲ್ಲಿ, 1927ರಲ್ಲಿ ಮದ್ರಾಸಿನಲ್ಲಿ ಕಾಂಗ್ರೆಸ್ಸಿನ ನೆರಳಲ್ಲೇ ಗ್ರಂಥಾಲಯದವರೂ ಸೇರಿದರು.

ಇವುಗಳಲ್ಲಿ ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದದ್ದು ಬೆಳಗಾವಿಯದು. 1924ರ ಡಿಸೆಂಬರಿನ ಆ ವಾರವನ್ನು ಕರ್ನಾಟಕ ಮುಖ್ಯವಾಗಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನಕ್ಕಾಗಿ ನೆನೆಯುತ್ತದೆ. ಗಂಗಾಧರರಾವ್ ದೇಶಪಾಂಡೆಯವರು ಹಗಲಿರುಳು ದುಡಿದು ಟಿಳಕವಾಡಿಯ ಬಯಲಿನಲ್ಲಿ ವಿಜಯನಗರವೆಂಬ ಊರನ್ನೇ ಎಬ್ಬಿಸಿದರು. ನೀರಿಗೆ ತೋಡಿಸಿದ ಕಾಂಗ್ರೆಸ್ ಬಾವಿ ಈಗಲೂ ಅಲ್ಲಿದೆ. ಕರ್ನಾಟಕ ಏಕೀಕರಣದ ಪರಿಷತ್ತೂ ಅಲ್ಲೇ ಸೇರಿತು. ಅದೇ ಜಾತ್ರೆಯ ನಡುವೆ ಗ್ರಂಥಾಲಯ ಸಮ್ಮೇಳನವೂ ಕೂಡಿತು, ದೇಶಬಂಧು ಚಿತ್ತರಂಜನ ದಾಸರು ಅದರ ಅಧ್ಯಕ್ಷತೆ ವಹಿಸಿದರು.

ದಾಸರಿಗೆ ಬಂಗಾಳದಲ್ಲಿ ಇದ್ದ ವರ್ಚಸ್ಸು ದೊಡ್ಡದು. ಪ್ರಾಂತ ಪ್ರಾಂತಗಳಲ್ಲೂ ಗ್ರಂಥಾಲಯ ಸಂಘಗಳು ಬೇಕು ಎಂಬ ಬೆಳಗಾವಿಯ ಮಾತು ಕಲಕತ್ತೆಗೆ ಮುಟ್ಟಿತು. ಒಂದೇ ವರ್ಷದೊಳಗೆ, 1925ರ ಡಿಸೆಂಬರ್ 20ರಂದು, ಅಖಿಲ ಬಂಗಾಳ ಗ್ರಂಥಾಲಯ ಸಂಘ ಹುಟ್ಟಿತು. ರವೀಂದ್ರನಾಥ ಠಾಕೂರರು ಅದರ ಮೊದಲ ಅಧ್ಯಕ್ಷರು. ಅದನ್ನು ನೋಡಲು ದಾಸರು ಇರಲಿಲ್ಲ, ಆ ವರ್ಷದ ಜೂನ್‌ನಲ್ಲಿ ತೀರಿಕೊಂಡಿದ್ದರು. ಕನ್ನಡ ನಾಡಿನ ಬಯಲೊಂದರಲ್ಲಿ ಆಡಿದ ಮಾತು ದೇಶದ ಇನ್ನೊಂದು ತುದಿಯಲ್ಲಿ ಸಂಸ್ಥೆಯಾಗಿ ನಿಂತಿತೆಂದರೆ ಆ ಸಮ್ಮೇಳನದ ಕಸುವು ಸಾಮಾನ್ಯದ್ದಲ್ಲ. ಬೆಳಗಾವಿಯ ಶತಮಾನೋತ್ಸವದ ಮಾತು ಬಂದಾಗ ಈ ಭಾಗವನ್ನೂ ಸೇರಿಸಿ ಹೇಳಬೇಕು.

ಅಲ್ಲಿಯವರೆಗಿನ ಸಮ್ಮೇಳನಗಳಲ್ಲಿ ಭಾಷಣ ಹೆಚ್ಚು, ಪ್ರಬಂಧ ಕಡಿಮೆ. ಕಸುಬಿನ ಒಳಗುಟ್ಟನ್ನು ವೇದಿಕೆಗೆ ತಂದವರು ಎಸ್. ಆರ್. ರಂಗನಾಥನ್. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಅವರು 1924ರಲ್ಲಿ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಮೊದಮೊದಲು ಆ ಕೆಲಸ ಅವರಿಗೆ ಒಗ್ಗಲೇ ಇಲ್ಲ. ಇಂಗ್ಲೆಂಡಿಗೆ ಹೋಗಿ ಅಲ್ಲಿಯ ಗ್ರಂಥಾಲಯಗಳನ್ನು ಸುತ್ತಿ ಬಂದ ಮೇಲೆ ಮನಸ್ಸು ನಿಂತಿತು. ನೋಡಿದ್ದನ್ನೆಲ್ಲ ಕೆಲವೇ ಸೂತ್ರಗಳಿಗೆ ಇಳಿಸಬೇಕೆಂಬ ಹಟ ಹತ್ತಿತು. 1928ರಲ್ಲಿ ಒಂದು ಸಂಜೆ ಅವರ ಗಣಿತದ ಗುರು ಎಡ್ವರ್ಡ್ ರಾಸ್ ಬಂದಾಗ ಶಿಷ್ಯ ತನ್ನ ತೊಳಲಾಟ ಹೇಳಿಕೊಂಡರು. ಪುಸ್ತಕ ಇರುವುದು ಬಳಸಲಿಕ್ಕೆ ಎಂದಲ್ಲವೇ ನೀನು ಹೇಳಹೊರಟಿರುವುದು ಎಂಬ ಅರ್ಥದ ಮಾತನ್ನು ಗುರು ಸಹಜವಾಗಿ ಆಡಿದರು. ಮೊದಲ ಸೂತ್ರ ಸಿಕ್ಕಿತು, ಉಳಿದ ನಾಲ್ಕು ಅದರ ಬೆನ್ನಿಗೇ ಬಂದವು. ಆ ಡಿಸೆಂಬರಿನಲ್ಲಿ ಚಿದಂಬರದಲ್ಲಿ ನಡೆದ ಪ್ರಾಂತೀಯ ಶಿಕ್ಷಣ ಸಮ್ಮೇಳನದಲ್ಲಿ ರಂಗನಾಥನ್ ಅವುಗಳನ್ನು ಮುಂದಿಟ್ಟರು. ಪುಸ್ತಕವಾಗಿ ಅವು ಬಂದದ್ದು 1931ರಲ್ಲಿ. ಜಗತ್ತಿನ ಗ್ರಂಥಾಲಯ ಶಾಲೆಗಳೆಲ್ಲ ಇಂದು ಕಲಿಸುವ ಪಂಚಸೂತ್ರಗಳಿಗೆ ಮೊದಲು ಕಿವಿಗೊಟ್ಟವರು ಸಮ್ಮೇಳನವೊಂದಕ್ಕೆ ಬಂದ ಮೇಷ್ಟರುಗಳು.

ಎರಡು ವರ್ಷದ ನಂತರ, 1930ರ ಡಿಸೆಂಬರಿನಲ್ಲಿ, ಬನಾರಸಿನ ಅಖಿಲ ಏಷ್ಯಾ ಶಿಕ್ಷಣ ಸಮ್ಮೇಳನದಲ್ಲಿ ಅವರು ಒಂದು ಮಾದರಿ ಗ್ರಂಥಾಲಯ ಕಾಯ್ದೆಯ ಕರಡನ್ನು ಮಂಡಿಸಿದರು. ಕರಡು ಕಾನೂನಾಗಲು ಕಾಲ ಹಿಡಿಯಿತು. ಮದ್ರಾಸಿನಲ್ಲಿ 1948ರಲ್ಲಿ ಕಾಯ್ದೆ ಬಂತು. ಮೈಸೂರು ರಾಜ್ಯದಲ್ಲಿ 1965ರಲ್ಲಿ ಬಂತು, ಆ ಹೊತ್ತಿಗೆ ರಂಗನಾಥನ್ ಬೆಂಗಳೂರಿನವರೇ ಆಗಿದ್ದರು. ಕರ್ನಾಟಕದ ಮನೆಗಳವರು ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ಕಟ್ಟುವುದು ಈ ಕಾಯ್ದೆಯಿಂದಾಗಿ. ಆಗ ನೂರಕ್ಕೆ ಮೂರು ಇದ್ದದ್ದು ಈಗ ಆರು. ತೆರಿಗೆ ರಸೀದಿಯ ಆ ಒಂದು ಸಾಲಿನ ಹುಟ್ಟನ್ನು ಹುಡುಕಿಕೊಂಡು ಹೊರಟರೆ ಬನಾರಸಿನ ಸಭಾಂಗಣಕ್ಕೆ ಹೋಗಿ ಮುಟ್ಟುತ್ತೇವೆ.

ಸ್ವಾತಂತ್ರ್ಯಕ್ಕೆ ಮೊದಲು ಕನ್ನಡ ನಾಡಿನ ಉತ್ತರದ ಒಂದು ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದವರ ಗ್ರಂಥಾಲಯದ ಹಣೆಬರಹ ಮುಂಬಯಿಯಲ್ಲೇ ಬರೆಯಬೇಕಿತ್ತು. 1939ರಲ್ಲಿ ಪ್ರಾಂತ ಸರ್ಕಾರ ಗ್ರಂಥಾಲಯಗಳ ಬೆಳವಣಿಗೆಗೆ ಒಂದು ಸಮಿತಿ ನೇಮಿಸಿತು. ಅಧ್ಯಕ್ಷರು ಮುಂಬಯಿಯ ಸರ್ಕಾರಿ ಲಾ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಎ. ಎ. ಎ. ಫೈಜಿ. ಮುಂಬಯಿಯಲ್ಲಿ ಕೇಂದ್ರ ಗ್ರಂಥಾಲಯ, ಭಾಷೆಗೊಂದರಂತೆ ಅಹಮದಾಬಾದ್, ಪುಣೆ, ಧಾರವಾಡಗಳಲ್ಲಿ ಪ್ರಾದೇಶಿಕ ಗ್ರಂಥಾಲಯ, ಅವುಗಳ ಕೆಳಗೆ ಜಿಲ್ಲೆ, ತಾಲೂಕು, ಹಳ್ಳಿ ಎಂದು ಸಮಿತಿ ಮೆಟ್ಟಿಲು ಮೆಟ್ಟಿಲಾಗಿ ಯೋಜನೆ ಬರೆಯಿತು. ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ಅದು ಜಾರಿಗೆ ಬಂದು ಧಾರವಾಡಕ್ಕೂ ತನ್ನ ಪಾಲು ಸಿಕ್ಕಿತು. ಗುಜರಾತಿ, ಮರಾಠಿ ಜೊತೆಗೆ ಕನ್ನಡಕ್ಕೂ ಸಮನಾದ ಜಾಗ ಕೊಟ್ಟ ಆ ಯೋಜನೆಯನ್ನು ಏಕೀಕರಣದ ಇತಿಹಾಸದಲ್ಲಿ ಒಂದು ಪುಟವಾಗಿಯೇ ಓದಬೇಕು.

ಈ ನಡುವೆ 1933ರ ಸೆಪ್ಟೆಂಬರಿನಲ್ಲಿ ಕಲಕತ್ತೆಯಲ್ಲಿ ಸೇರಿದ ಸಮ್ಮೇಳನದಲ್ಲಿ ಭಾರತೀಯ ಗ್ರಂಥಾಲಯ ಸಂಘ ಹುಟ್ಟಿತು. ಕಸುಬಿನವರದ್ದೇ ಆದ, ರಾಜಕೀಯ ಅಧಿವೇಶನದ ಬೆನ್ನಿಗೆ ಅಂಟಿಕೊಳ್ಳದ ಸಂಘ ಅದು. ಲಖನೌ, ದೆಹಲಿ, ಪಟ್ನಾ ಸುತ್ತಿ 1942ರಲ್ಲಿ ಅದರ ಸಮ್ಮೇಳನ ಮುಂಬಯಿಗೆ ಬಂತು. ಯುದ್ಧದ ವರ್ಷ, ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ ಭಾರತ ಬಿಟ್ಟು ತೊಲಗಿ ಎಂಬ ಕೂಗೆದ್ದ ವರ್ಷ. ಅಂಥ ಹೊತ್ತಿನಲ್ಲೂ ಕ್ಯಾಟಲಾಗು, ತರಬೇತಿ, ಸಂಬಳದ ಮಾತಾಡಲು ಜನ ಊರೂರಿನಿಂದ ಬಂದರು.

ಸ್ವಾತಂತ್ರ್ಯದ ಮೇಲೆ ಮುಂದಾಳುತನ ಬಿ. ಎಸ್. ಕೇಶವನ್ ಅವರಂಥವರ ಕೈಗೆ ಬಂತು. ಹೆಸರಿನ ಮೊದಲಕ್ಷರದಲ್ಲಿ ಬಳ್ಳಾರಿಯನ್ನು ಹೊತ್ತುಕೊಂಡಿದ್ದ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ್ದ ಕೇಶವನ್ ಕಲಕತ್ತೆಯ ರಾಷ್ಟ್ರೀಯ ಗ್ರಂಥಾಲಯದ ಹೊಣೆ ಹೊತ್ತರು. 1955ರ ಸೆಪ್ಟೆಂಬರ್ 3ರಂದು ಅದೇ ಕಲಕತ್ತೆಯಲ್ಲಿ ವಿಜ್ಞಾನ, ತಂತ್ರಜ್ಞಾನದಂಥ ವಿಶೇಷ ಗ್ರಂಥಾಲಯಗಳ ಸಂಘ ಹುಟ್ಟಿತು. ಕಸುಬಿನವರ ಬಾಯಲ್ಲಿ ಅದು ಐಯಾಸ್ಲಿಕ್. ಒಂದು ವರ್ಷ ಸಮ್ಮೇಳನ, ಮರುವರ್ಷ ವಿಚಾರಸಂಕಿರಣ ಎಂಬುದು ಅದರ ರೂಢಿ. ಪವಾಯಿಯಂಥ ಕ್ಯಾಂಪಸ್ಸಿನ ಗ್ರಂಥಾಲಯದವರಿಗೆ ಸರಿಹೊಂದುವ ಮನೆ ಅದು.

1962ರಲ್ಲಿ ರಂಗನಾಥನ್ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಎಂಬ ದಾಖಲೆ ಸಂಶೋಧನೆ, ತರಬೇತಿಯ ಕೇಂದ್ರ ಶುರುಮಾಡಿ, ಮರುವರ್ಷದಿಂದ ಪ್ರತಿ ವರ್ಷ ವಿಚಾರಸಂಕಿರಣ ಏರ್ಪಡಿಸಿದರು. ಪ್ರಬಂಧಗಳು ಮೊದಲೇ ಅಚ್ಚಾಗಿ ಕೈಸೇರಬೇಕು, ಬಂದವರು ಓದಿಕೊಂಡೇ ಬರಬೇಕು, ಸಭೆಯ ಹೊತ್ತೆಲ್ಲ ಚರ್ಚೆಗೇ ಮೀಸಲು ಎಂಬುದು ಅಲ್ಲಿಯ ಶಿಸ್ತು. ಓದದೆ ಬಂದವರಿಗೆ ಅಲ್ಲಿ ಮಾತಿಲ್ಲ.

ಪ್ರಬಂಧ ಮಂಡಿಸುವುದೆಂದರೆ ಏನೆಂಬುದನ್ನು ಹತ್ತಿರದಿಂದ ನೋಡಬೇಕು. ಕಂಪ್ಯೂಟರು ಮೇಜಿಗೆ ಬರುವ ಮುಂಚಿನ ಕಾಲದ ಕಾಲೇಜು ಗ್ರಂಥಪಾಲಕರನ್ನು ನೆನೆದುಕೊಳ್ಳಿ. ಕೌಂಟರಿನಲ್ಲಿ ಹುಡುಗರ ಗದ್ದಲ ಮುಗಿದ ಮೇಲೆ ಸಂಜೆ ಕುಳಿತು ಬರೆದದ್ದು. ಎರಡು ಕಾರ್ಬನ್ ಇಟ್ಟು ಟೈಪು ಮಾಡಿಸಿದ್ದು, ಸಂಘಟಕರಿಗೊಂದು ಪ್ರತಿ, ತಮಗೊಂದು, ಪ್ರಿನ್ಸಿಪಾಲರ ಮೇಜಿಗೊಂದು. ಹೊರಗಿನ ಕರ್ತವ್ಯಕ್ಕೆ ಹೋಗಲು ಅನುಮತಿ ಮಂಜೂರಾಗಬೇಕು, ಪ್ರಯಾಣಭತ್ಯೆ ಸಿಕ್ಕೀತೋ ಇಲ್ಲವೋ ಎಂಬ ಅನುಮಾನ ಇದ್ದೇ ಇದೆ. ರಾತ್ರಿ ರೈಲು. ಬೆಳಿಗ್ಗೆ ನೋಂದಣಿ ಮೇಜಿನಲ್ಲಿ ಎದೆಗೆ ಚುಚ್ಚಿಕೊಳ್ಳುವ ಹೆಸರುಪಟ್ಟಿ, ಒಂದು ಚೀಲ, ಚೀಲದೊಳಗೆ ಬರೆಯುವ ಪುಸ್ತಕ, ಪೆನ್ನು, ಊಟದ ಕೂಪನ್ನು. ಹಾಸ್ಟೆಲಿನ ಕೋಣೆಯಲ್ಲಿ ಗುರುತಿಲ್ಲದ ಊರಿನವರೊಬ್ಬರ ಜೊತೆ ವಾಸ.

ವೇದಿಕೆಯ ಮೇಲೆ ಹತ್ತು ನಿಮಿಷ. ಎಂಟನೆಯ ನಿಮಿಷಕ್ಕೆ ಅಧ್ಯಕ್ಷರ ಮೇಜಿನ ಗಂಟೆ ಒಮ್ಮೆ ಬಡಿಯುತ್ತದೆ. ಪಾರದರ್ಶಕ ಹಾಳೆಯಲ್ಲಿ ಸ್ಕೆಚ್ ಪೆನ್ನಿನಿಂದ ಬರೆದ ಕೋಷ್ಟಕ, ಪ್ರೊಜೆಕ್ಟರಿನ ಗಾಜಿನ ಮೇಲೆ ತಲೆಕೆಳಗಾಗದಂತೆ ಇಡುವ ಎಚ್ಚರ, ಗೋಡೆಯ ಮೇಲೆ ದೊಡ್ಡದಾಗಿ ಮೂಡುವ ಸ್ವಂತ ಕೈಬರಹ. ತಮ್ಮ ಗ್ರಂಥಾಲಯದಲ್ಲಿ ವರ್ಷಕ್ಕೆ ಎಷ್ಟು ಪುಸ್ತಕ ಕಳೆದುಹೋಗುತ್ತವೆ, ತೆರೆದ ಕಪಾಟಿನ ಪದ್ಧತಿ ತಂದ ಮೇಲೆ ಓದುಗರು ಎಷ್ಟು ಹೆಚ್ಚಿದರು ಎಂಬಂಥ ಮಾತುಗಳು. ಅದು ಬೇರೆಯವರಿಗೆ ಸಣ್ಣ ಸಂಗತಿಯಾಗಿ ಕಂಡೀತು. ಅದೇ ಕಷ್ಟ ಪಡುತ್ತಿರುವ ನಾಲ್ಕನೆಯ ಸಾಲಿನ ಒಬ್ಬರು ಎದ್ದು ನಿಂತು ಪ್ರಶ್ನೆ ಕೇಳುತ್ತಾರೆ. ಚಹಾದ ವಿರಾಮದಲ್ಲಿ ಹತ್ತಿರ ಬಂದು ವಿಳಾಸ ಬರೆದುಕೊಳ್ಳುತ್ತಾರೆ. ಮುಂದೆ ಎಂದೋ ಪವಾಯಿಯಿಂದ ಬೆಂಗಳೂರಿಗೆ, ಧಾರವಾಡದಿಂದ ಪವಾಯಿಗೆ ಒಂದು ಲೇಖನದ ನಕಲು ಬೇಕಾದಾಗ ಆ ಚೀಟಿ ಹೊರಗೆ ಬರುತ್ತದೆ.

ಈ ನಂಟಿಗೆ ದೊಡ್ಡ ಪರೀಕ್ಷೆ ಬಂದದ್ದು 1991ರಲ್ಲಿ. ಆ ಜುಲೈನಲ್ಲಿ ರೂಪಾಯಿಯ ಬೆಲೆ ಇಳಿಸಿದಾಗ ವಿದೇಶಿ ನಿಯತಕಾಲಿಕಗಳ ಚಂದಾ ರಾತ್ರಿ ಬೆಳಗಾಗುವಷ್ಟರಲ್ಲಿ ಏರಿತು. ಬಜೆಟ್ಟು ಮಾತ್ರ ಅಷ್ಟೇ ಇತ್ತು. ಯಾವುದನ್ನು ಉಳಿಸಿಕೊಳ್ಳುವುದು, ಯಾವುದನ್ನು ನಿಲ್ಲಿಸುವುದು ಎಂದು ದೇಶದ ಗ್ರಂಥಾಲಯಗಳೆಲ್ಲ ಪಟ್ಟಿ ಹಿಡಿದು ಕುಳಿತವು. ನೀವು ಇದನ್ನು ತರಿಸಿ, ನಾವು ಅದನ್ನು ತರಿಸುತ್ತೇವೆ, ಇಬ್ಬರೂ ಹಂಚಿಕೊಳ್ಳೋಣ ಎಂಬ ಮಾತು ಅದುವರೆಗೆ ಸಮ್ಮೇಳನದ ನಿರ್ಣಯವಾಗಿತ್ತು, ಈಗ ಉಳಿವಿನ ದಾರಿಯಾಯಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 1991ರಲ್ಲೇ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಇನ್‌ಫ್ಲಿಬ್‌ನೆಟ್ ಯೋಜನೆ ಶುರುಮಾಡಿತು. 1992ರಲ್ಲಿ ಮುಂಬಯಿಯ ಗ್ರಂಥಾಲಯಗಳನ್ನು ಜೋಡಿಸಲು ಜುಹೂದ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರದಲ್ಲಿ ಬೋನೆಟ್ ಜಾಲ ಹುಟ್ಟಿತು.

2003ರಲ್ಲಿ ಕೇಂದ್ರ ಸರ್ಕಾರ ಐಐಟಿಗಳು, ಭಾರತೀಯ ವಿಜ್ಞಾನ ಸಂಸ್ಥೆ, ಐಐಎಂಗಳನ್ನು ಒಂದುಗೂಡಿಸಿ ಇಂಡೆಸ್ಟ್ ಎಂಬ ಒಕ್ಕೂಟ ಕಟ್ಟಿತು. ಎಲ್ಲರ ಪರವಾಗಿ ಒಬ್ಬರೇ ಪ್ರಕಾಶಕರ ಜೊತೆ ಚೌಕಾಶಿ ಮಾಡುವುದು, ಎಲ್ಲರೂ ಇಂಟರ್‌ನೆಟ್ಟಿನಲ್ಲಿ ಓದುವುದು. ಪವಾಯಿಯ ಐಐಟಿ ಅದರ ಪಾಲುದಾರ. ಅದು ಬೆಳೆದು 2015ರ ಹೊತ್ತಿಗೆ ಇ-ಶೋಧಸಿಂಧು ಎಂಬ ಇನ್ನೂ ದೊಡ್ಡ ಒಕ್ಕೂಟದಲ್ಲಿ ಸೇರಿತು. 2025ರ ಜನವರಿ 1ರಿಂದ ಜಾರಿಗೆ ಬಂದ ಒಂದು ರಾಷ್ಟ್ರ ಒಂದು ಚಂದಾ ಯೋಜನೆ ಇದೇ ವಿಚಾರದ ದೊಡ್ಡ ರೂಪ: ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ನಿಯತಕಾಲಿಕಗಳು, 6,300ಕ್ಕೂ ಹೆಚ್ಚು ಸಂಸ್ಥೆಗಳು. ಪವಾಯಿಯ ಪ್ರಯೋಗಾಲಯದವರಿಗೆ ತೆರೆಯುವ ಪುಟ ಈಗ ರಾಯಚೂರಿನ ಸರ್ಕಾರಿ ವಿಶ್ವವಿದ್ಯಾಲಯದವರಿಗೂ ತೆರೆಯಬೇಕೆಂಬುದು ಅದರ ಗುರಿ.

ಕರ್ನಾಟಕವೂ ಈ ಹೊಸ ಯುಗದ ಸಮ್ಮೇಳನಗಳಿಗೆ ಅಂಗಳವಾಯಿತು. 2001ರ ಡಿಸೆಂಬರಿನಲ್ಲಿ ಏಷ್ಯಾದ ಡಿಜಿಟಲ್ ಗ್ರಂಥಾಲಯಗಳ ಅಂತರರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲಿ ನಡೆಯಿತು. ಅದರ ಮರುವರ್ಷವೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ. ಬಿ. ರಾಜಶೇಖರ್ ಅವರ ಮುಂದಾಳುತನದಲ್ಲಿ ಸಂಶೋಧನ ಲೇಖನಗಳ ತೆರೆದ ಭಂಡಾರ ಶುರುವಾಯಿತು, ದೇಶಕ್ಕೇ ಮೊದಲನೆಯದು. 2006ರ ಫೆಬ್ರವರಿಯಲ್ಲಿ ಇನ್‌ಫ್ಲಿಬ್‌ನೆಟ್ಟಿನ ಕ್ಯಾಲಿಬರ್ ಸಮ್ಮೇಳನಕ್ಕೆ ಗುಲ್ಬರ್ಗ ವಿಶ್ವವಿದ್ಯಾಲಯ ಆತಿಥ್ಯ ವಹಿಸಿತು. ಬೀದರ, ಯಾದಗಿರಿಯ ಕಾಲೇಜುಗಳವರಿಗೆ ದೆಹಲಿ, ಅಹಮದಾಬಾದಿಗೆ ಹೋಗದೆ ಮನೆಯ ಹತ್ತಿರವೇ ದೇಶದ ಗ್ರಂಥಪಾಲಕರನ್ನು ಕಾಣುವ ಅವಕಾಶ ಅದು.

ಇದರ ನಡುವೆ ಒಂದು ನೋವಿನ ಬೆಳವಣಿಗೆಯೂ ಆಯಿತು. 2010ರ ಯುಜಿಸಿ ನಿಯಮಗಳು ಬಡ್ತಿಗೆ ಅಂಕಗಳ ಲೆಕ್ಕ ತಂದವು. ಪ್ರಬಂಧ ಮಂಡಿಸಿದರೆ ಇಷ್ಟು ಅಂಕ, ಅಂತರರಾಷ್ಟ್ರೀಯವಾದರೆ ಇನ್ನಷ್ಟು. ಗ್ರಂಥಪಾಲಕರೂ ಆ ಲೆಕ್ಕಕ್ಕೆ ಸೇರಿದರು. ಸಮ್ಮೇಳನಗಳು ಊರೂರಿಗೆ ಹುಟ್ಟಿಕೊಂಡವು, ಹೆಸರಿನ ಹಿಂದೆ ಅಂತರರಾಷ್ಟ್ರೀಯ ಎಂಬ ಪದ ಸೇರಿಕೊಂಡಿತು. ಒಂದೇ ಮಧ್ಯಾಹ್ನ ನಲವತ್ತು ಪ್ರಬಂಧ, ತಲಾ ನಾಲ್ಕು ನಿಮಿಷ, ಪ್ರಶ್ನೆಗೆ ಹೊತ್ತೇ ಇಲ್ಲ, ಪ್ರಮಾಣಪತ್ರ ಕೈಗೆ ಬಂದೊಡನೆ ಸಭಾಂಗಣ ಖಾಲಿ. ನಾಲ್ಕನೆಯ ಸಾಲಿನವರು ಎದ್ದು ಕೇಳುವ ಪ್ರಶ್ನೆಗೆ ಜಾಗವಿಲ್ಲದ ಸಮ್ಮೇಳನದಿಂದ ಯಾರಿಗೂ ಏನೂ ದಕ್ಕುವುದಿಲ್ಲ. ಚರ್ಚೆಗೆ ಹೊತ್ತು ಬಿಡಬೇಕೆಂದು ರಂಗನಾಥನ್ ಅಷ್ಟು ಬಿಗಿಯಾಗಿ ಹಿಡಿದದ್ದು ಏಕೆಂದು ಈಗ ಚೆನ್ನಾಗಿ ಅರ್ಥವಾಗುತ್ತದೆ.

ಪವಾಯಿ ಈ ಕಸುಬಿಗೆ ಕೊಟ್ಟ ಒಂದು ಕಾಣಿಕೆ ಸಮ್ಮೇಳನದ ಸಭಾಂಗಣದ ಹೊರಗಿನದು. 2000ದ ಜನವರಿಯಲ್ಲಿ ನ್ಯೂಜಿಲೆಂಡಿನ ಒಂದು ಸಣ್ಣ ಗ್ರಂಥಾಲಯ ಸಂಸ್ಥೆ ಬಳಕೆಗೆ ತಂದ ಕೊಹಾ ಎಂಬ ಉಚಿತ ತಂತ್ರಾಂಶವಿದೆ. ಮಾವೊರಿ ಭಾಷೆಯಲ್ಲಿ ಆ ಪದಕ್ಕೆ ಕಾಣಿಕೆ ಎಂದೇ ಅರ್ಥ, ಮರಳಿ ಕೊಡುವ ಋಣವೂ ಆ ಅರ್ಥದಲ್ಲಿ ಸೇರಿದೆ. ಹಳೆಯ ಕಾರ್ಡಿನ ಕಪಾಟು ಮಾಡುತ್ತಿದ್ದ ಕೆಲಸವನ್ನು ಈಗ ಅದು ಮಾಡುತ್ತದೆ. ದುಡ್ಡು ಕೊಟ್ಟು ತಂತ್ರಾಂಶ ಕೊಳ್ಳಲಾಗದ ಎಷ್ಟೋ ಕಾಲೇಜು ಗ್ರಂಥಾಲಯಗಳಿಗೆ ಅದು ಒದಗಿ ಬಂದಿದೆ. ಅದನ್ನು ಅಳವಡಿಸಿಕೊಳ್ಳುವ ಬಗೆಯನ್ನು ಹೆಜ್ಜೆ ಹೆಜ್ಜೆಯಾಗಿ ಹೇಳಿಕೊಡುವ ವಿಡಿಯೋ ಪಾಠಗಳನ್ನು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಮಾಡಿದೆ. ಯೋಜನೆಯ ಪಾಠಗಳು ಕನ್ನಡ ಸೇರಿದಂತೆ ಭಾರತದ ಭಾಷೆಗಳಿಗೆ ಇಳಿಯುತ್ತವೆ. ಒಂದೊಂದು ಪಾಠದ ಉದ್ದ ಸುಮಾರು ಹತ್ತು ನಿಮಿಷ, ಸಮ್ಮೇಳನದ ಒಂದು ಪ್ರಬಂಧದಷ್ಟು.

ಈ ಕಾಣಿಕೆ ಮುಂಬಯಿಯ ಕನ್ನಡಿಗರಿಗೂ ಒದಗಬೇಕು. ಪವಾಯಿಯಿಂದ ಮಾಟುಂಗಕ್ಕೆ ಹತ್ತು ಹದಿನೈದು ಕಿಲೋಮೀಟರು. ಅಲ್ಲಿ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇದೆ, ಹತ್ತಿರದಲ್ಲೇ ಕರ್ನಾಟಕ ಸಂಘವಿದೆ. ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ಕನ್ನಡಿಗರ ಈ ನಗರದಲ್ಲಿ ಸಂಘಸಂಸ್ಥೆಗಳು ಪುಸ್ತಕ ಕೂಡಿಟ್ಟುಕೊಂಡು ಬಂದದ್ದು ಸಣ್ಣ ಸಾಧನೆಯಲ್ಲ. ಯಾವ ಕಪಾಟಿನಲ್ಲಿ ಯಾವ ಕನ್ನಡ ಪುಸ್ತಕವಿದೆ ಎಂದು ಪವಾಯಿಯ ಹಾಸ್ಟೆಲಿನಲ್ಲಿರುವ ಹುಬ್ಬಳ್ಳಿಯ ಹುಡುಗಿಗೂ ದಹಿಸರದ ನಿವೃತ್ತ ಗುಮಾಸ್ತರಿಗೂ ಒಂದೇ ಪಟ್ಟಿಯಲ್ಲಿ ತಿಳಿಯುವಂತಾಗಬೇಕು. ಕೊಹಾಕ್ಕೆ ಕನ್ನಡ ಅಕ್ಷರ ಬರುತ್ತದೆ, ಪಾಠ ಪವಾಯಿಯಲ್ಲೇ ತಯಾರಾಗಿದೆ. ನಾಲ್ಕು ಸಂಘಗಳ ಪುಸ್ತಕದ ಉಸ್ತುವಾರಿ ನೋಡುವವರು ಒಂದು ಭಾನುವಾರ ತಮ್ಮ ತಮ್ಮ ರಿಜಿಸ್ಟರು ಹಿಡಿದುಕೊಂಡು ಒಂದೇ ಮೇಜಿನ ಸುತ್ತ ಕುಳಿತರೆ ಕೆಲಸ ಶುರುವಾಗುತ್ತದೆ.